ಒಂದು ಸರಪಳಿಗೆ ಹದಿನೈದು

ಡೇಲ್ ಪೆಲ್ಟೋನೆನ್ ಕಾಡಿನೊಳಗೆ ಅಳತೆಯ ಟೇಪು ಬಿಚ್ಚಿದ್ದನ್ನು ಕಂಡವರು ಆ ಸೀಮೆಯಲ್ಲಿ ಯಾರೂ ಇಲ್ಲ. ಅವನ ಟೇಪು ಎಂದರೆ ಅವನ ಕಾಲು. ಒಂದು ತುಂಡು ಕಾಡಿನಲ್ಲಿ ಎಷ್ಟು ಮರ ಇದೆ, ಯಾವ ಜಾತಿ, ಎಷ್ಟು ದಪ್ಪ ಎಂದು ಮರದ ಕಂಪನಿಗಳಿಗೆ ಅಂದಾಜು ಹೇಳುವುದು ಅವನ ಕಸುಬು. ನಲವತ್ತೊಂದು ವರ್ಷ ಅದನ್ನೇ ಮಾಡಿದ್ದ. ಕೈಯಲ್ಲಿ ದಿಕ್ಸೂಚಿ ಹಿಡಿದು ಮೂಗಿನ ನೇರಕ್ಕೆ ನಡೆಯುವುದು, ಎಡಗಾಲು ಊರಿದಾಗಲೆಲ್ಲ ಒಂದು ಎಣಿಸುವುದು, ಅರವತ್ತಾರು ಅಡಿ ಆದ ಕೂಡಲೇ ಒಂದು ಸರಪಳಿ ಎಂದು ಬೆರಳು ಮಡಿಸುವುದು. ನಡುವೆ ಜೌಗು ಬರಲಿ, ಬಿದ್ದ ಹೆಮ್ಲಾಕ್ ಮರ ಅಡ್ಡ ಬರಲಿ, ಕರಡಿಯೇ ಎದುರಾಗಲಿ, ಎಣಿಕೆ ತಪ್ಪುವ ಹಾಗಿಲ್ಲ. ಡೇಲ್ ಬಂದು ನಿಂತ ಜಾಗದಲ್ಲಿ ಗಡಿಯ ಕಲ್ಲು ಇಲ್ಲದಿದ್ದರೆ ಜನ ಕಲ್ಲನ್ನು ಅನುಮಾನಿಸುತ್ತಿದ್ದರೇ ಹೊರತು ಡೇಲನನ್ನಲ್ಲ.

ಹರೆಯದಲ್ಲಿ ಅವನ ಎಣಿಕೆ ಸರಪಳಿಗೆ ಹನ್ನೆರಡೂವರೆ. ನಲವತ್ತೈದನೆಯ ವಯಸ್ಸಿನಲ್ಲಿ ಉರುಳಿಬಂದ ಮೇಪಲ್ ದಿಮ್ಮಿಯೊಂದು ಅವನ ಬಲಗಾಲಿನ ಹರಡನ್ನು, ಅಂದರೆ ಪಾದ ಕಾಲಿಗೆ ಸೇರುವ ಕೀಲನ್ನು, ಜಜ್ಜಿ ಹಾಕಿತು. ಮೂಳೆ ಕೂಡಿಕೊಂಡಿತು, ಕೀಲು ಮಾತ್ರ ವರ್ಷದಿಂದ ವರ್ಷಕ್ಕೆ ಸವೆಯುತ್ತ ಬಂತು. ಪಾದ ಮಡಿಸಲು ಬಾರದಾಯಿತು, ಹೆಜ್ಜೆ ಕುಗ್ಗಿತು, ಎಣಿಕೆ ಏರಿತು. ಹದಿಮೂರಾಯಿತು, ಹದಿನಾಲ್ಕಾಯಿತು, ಕೊನೆಗೆ ಹದಿನೈದಕ್ಕೆ ಬಂದು ನಿಂತಿತು. ಪ್ರತಿ ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ ಅವನು ಮನೆಯ ಮುಂದಿನ ಮಣ್ಣು ರಸ್ತೆಯ ಮೇಲೆ ಅರವತ್ತಾರು ಅಡಿ ಟೇಪು ಹಾಸಿ, ನಡೆದು ನೋಡಿ, ಆ ವರ್ಷದ ಎಣಿಕೆಯನ್ನು ಗೊತ್ತುಮಾಡಿಕೊಳ್ಳುತ್ತಿದ್ದ. ಕುಂಟುವವನ ಹೆಜ್ಜೆಯೂ ಹೆಜ್ಜೆಯೇ, ಅದರ ಅಳತೆ ಗೊತ್ತಿದ್ದರೆ ಸಾಕು ಎನ್ನುವುದು ಅವನ ವಾದ. ಒಂಬತ್ತು ವರ್ಷ ಹದಿನೈದು ಎಂದು ಎಣಿಸಿ ಎಣಿಸಿ ಆ ಸಂಖ್ಯೆ ಅವನ ಮೈಯಲ್ಲೇ ಕೂತುಬಿಟ್ಟಿತ್ತು.

ಕಳೆದ ಅಕ್ಟೋಬರ್‌ನಲ್ಲಿ ಗ್ರೀನ್ ಬೇ ಪಟ್ಟಣದ ಆಸ್ಪತ್ರೆಯಲ್ಲಿ ಆ ಹಳೆಯ ಕೀಲನ್ನು ತೆಗೆದು ಲೋಹ ಮತ್ತು ಪ್ಲಾಸ್ಟಿಕ್ಕಿನ ಹೊಸ ಕೀಲು ಕೂರಿಸಿದರು. ಇನ್ನೊಬ್ಬ ವೈದ್ಯ ಮೂಳೆಗಳನ್ನು ಒಟ್ಟಿಗೆ ಬೆಸೆದುಬಿಡೋಣ, ನೋವೂ ಇಲ್ಲ ಅಲುಗಾಟವೂ ಇಲ್ಲ ಎಂದಿದ್ದ. "ನಂಗೆ ಅಲುಗಾಟ ಬೇಕು. ನಾನು ನಡೆಯೋದು ಆಸ್ಪತ್ರೆ ನೆಲದ ಮೇಲಲ್ಲ, ಗುಡ್ಡದ ಮೇಲೆ" ಎಂದು ಡೇಲ್ ಎದ್ದುಬಂದಿದ್ದ. ಹೊಸ ಕೀಲು ಹಾಕಿದ ಡಾಕ್ಟರಮ್ಮ ಪ್ರೂಯಿಟ್, ಎಷ್ಟು ಬೇಕಾದರೂ ನಡೆ, ಓಡಬೇಡ, ಹಾರಬೇಡ, ಏಣಿಯಿಂದ ಧುಮುಕಬೇಡ ಎಂದು ಹೇಳಿ ಕಳಿಸಿದ್ದಳು.

ಮೊದಲ ಆರು ವಾರ ಪಾದ ನೆಲಕ್ಕೆ ತಾಗಿಸುವಂತಿರಲಿಲ್ಲ. ಬಲಮೊಣಕಾಲನ್ನು ಊರಿ ತಳ್ಳಿಕೊಂಡು ಹೋಗುವ ಸಣ್ಣ ಗಾಲಿಬಂಡಿಯೊಂದನ್ನು ಕೊಟ್ಟಿದ್ದರು. ಅದರಲ್ಲಿ ಅವನು ಅಡುಗೆಮನೆಯ ಒಂದು ಕಪಾಟನ್ನೂ ಬಿಡದೆ ಗುದ್ದಿದ. ಅವನ ಹೆಂಡತಿ ಅರ್ಲೀನ್ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. "ಮೂವತ್ತು ವರ್ಷ ಬಸ್ ಓಡಿಸ್ದೆ, ಇಂಥಾ ಡ್ರೈವರ್‌ನ ಎಲ್ಲೂ ನೋಡ್ಲಿಲ್ಲ. ಲೈಸೆನ್ಸ್ ಕಿತ್ಕೊಂಡು ಮೂಲೇಲಿ ಕೂರಿಸ್ತೀನಿ ನೋಡು" ಎಂದು ಗದರುತ್ತಿದ್ದಳು. ಆಮೇಲೆ ದಪ್ಪ ಬೂಟು ಬಂತು. ಅದಾದ ಮೇಲೆ ವ್ಯಾಯಾಮ ಹೇಳಿಕೊಡುವ ಹುಡುಗಿ ಬಂದಳು. ಅವಳದು ಒಂದೇ ಮಂತ್ರ: ಮೊದಲು ಹಿಮ್ಮಡಿ, ಆಮೇಲೆ ಪಾದ, ಕೊನೆಗೆ ಹೆಬ್ಬೆರಳಿನಿಂದ ನೆಲವನ್ನು ತಳ್ಳು. ಇಪ್ಪತ್ತೆರಡು ವರ್ಷದಿಂದ ಕಾಲನ್ನು ಸೌದೆಯಂತೆ ಎತ್ತಿ ಇಟ್ಟವನಿಗೆ ನೆಲವನ್ನು ತಳ್ಳುವುದು ಮರೆತೇಹೋಗಿತ್ತು. ಏಪ್ರಿಲ್ ಪೂರ್ತಿ ಅದನ್ನು ಕಲಿಯುವುದರಲ್ಲೇ ಕಳೆಯಿತು. ಆ ವರ್ಷ ರಸ್ತೆಯ ಮೇಲೆ ಟೇಪು ಹಾಸುವುದು ಅವನಿಗೆ ನೆನಪೇ ಆಗಲಿಲ್ಲ.

ಬೇಸಿಗೆಯಲ್ಲಿ ದಿನಾ ಸಂಜೆ ಊಟವಾದ ಮೇಲೆ ಗಂಡ ಹೆಂಡತಿ ಪಕ್ಕಪಕ್ಕ ನಿಧಾನವಾಗಿ ರಸ್ತೆಯ ತಿರುವಿನ ಅಂಚೆಪೆಟ್ಟಿಗೆಯವರೆಗೆ ನಡೆದು ಬರುತ್ತಿದ್ದರು. ಸೆಪ್ಟೆಂಬರ್ ಹೊತ್ತಿಗೆ ನೋವು ಎನ್ನುವುದು ಉಳಿದಿರಲಿಲ್ಲ. ಸಂಜೆಯ ಹೊತ್ತಿಗೆ ಹರಡು ಸ್ವಲ್ಪ ಊದುತ್ತಿತ್ತು, ಅದರ ಮೇಲೆ ಫ್ರಿಜ್ಜಿನ ಬಟಾಣಿ ಚೀಲ ಇಟ್ಟುಕೊಂಡು ಕೂರುತ್ತಿದ್ದ, ಅಷ್ಟೇ. ಡೇಲ್ ನೋವನ್ನು ಅಳೆದನೇ ಹೊರತು ಬೇರೇನನ್ನೂ ಅಳೆಯಲಿಲ್ಲ.

ಅಂಥ ಒಂದು ಶುಕ್ರವಾರ ಬೆಳಿಗ್ಗೆ ಗಾರ್ಡನ್ ಹಾಪಲಾ ಮತ್ತು ಬರ್ನೀಸ್ ಸಾರಿ ಇಬ್ಬರೂ ಬಂದು ಅರ್ಲೀನಳ ಅಡುಗೆಮನೆಯಲ್ಲಿ ಕೂತರು. ಗಾರ್ಡನ್ ಡೇಲನ ಶಾಲೆಯ ಗೆಳೆಯ, ಬಾಯಿಗೆ ಬೀಗ ಇಲ್ಲದವನು. ಬರ್ನೀಸಳಿಗೆ ಎಂಬತ್ತೆರಡು. ಇಬ್ಬರ ಕಾಡೂ ಅಕ್ಕಪಕ್ಕ. ಗಾರ್ಡನ್ ತನ್ನ ಮರ ಕಡಿಸುವವನಿದ್ದ, ಕಡಿಯುವವರು ಸೋಮವಾರ ಯಂತ್ರ ತರುವವರಿದ್ದರು. ಇಬ್ಬರ ಗಡಿ ಸೇರುವ ಮೂಲೆಯಲ್ಲಿ ನೆಟ್ಟಿದ್ದ ಕಬ್ಬಿಣದ ಕೊಳವೆ ಪಾಚಿಯಡಿ ಎಲ್ಲೋ ಹೂತುಹೋಗಿತ್ತು. ಅದಕ್ಕೆ ಗುರುತು ಎಂದು ಕೆತ್ತಿದ್ದ ಸಾಕ್ಷಿಮರವೂ ಬಿದ್ದು ಕೊಳೆತು ಯಾವುದೋ ಕಾಲವಾಗಿತ್ತು. ಆ ಕೊಳವೆಯನ್ನು ಕಣ್ಣಾರೆ ಕಂಡವರಲ್ಲಿ ಉಳಿದಿದ್ದವನು ಡೇಲ್ ಒಬ್ಬನೇ.

"ಸರ್ವೆಯವರ್ನ ಕರ್ಸಿದ್ರೆ ಮುಂದಿನ ವರ್ಷ ಬರ್ತಾರೆ" ಎಂದ ಗಾರ್ಡನ್, ಏಲಕ್ಕಿ ಹಾಕಿದ ನಿಸು ಬ್ರೆಡ್ಡಿನ ತುಂಡನ್ನು ಕಾಫಿಯಲ್ಲಿ ಅದ್ದುತ್ತ. "ನೀನು ಹೇಳಿದ್ ಜಾಗಾನೇ ಗಡಿ. ನಾವಿಬ್ರೂ ಒಪ್ಕೊಂಡಿದ್ದೀವಿ."

"ಇವ್ನು ಒಪ್ಪಿದ್ದಾನೆ, ನಾನು ಒಪ್ಪಿದ್ದೀನಿ. ನಿನ್ ಕಾಲು ಒಪ್ಪುತ್ತೇನಪ್ಪಾ?" ಎಂದಳು ಬರ್ನೀಸ್.

"ಕಾಲಿಗೇನು ಬರ್ನೀಸ್, ನಿಮ್ಗಿಂತ ಚೆನ್ನಾಗಿದೆ" ಎಂದು ಡೇಲ್ ಎದ್ದೇಬಿಟ್ಟ. ಒಳಗೊಳಗೆ ಅವನಿಗೆ ಹಬ್ಬ. ಒಂದು ವರ್ಷದಿಂದ ಯಾರೂ ಅವನನ್ನು ಕಾಡಿಗೆ ಕರೆದಿರಲಿಲ್ಲ.

ರಸ್ತೆಯ ಬದಿಯ ಗಡಿಕಲ್ಲಿನಿಂದ ನೇರ ಪಶ್ಚಿಮಕ್ಕೆ ಇಪ್ಪತ್ತು ಸರಪಳಿ. ಬರ್ನೀಸ್ ಗಾರ್ಡನ್‌ನ ಟ್ರಕ್ಕಿನಲ್ಲೇ ಕೂತಳು. ಡೇಲ್ ದಿಕ್ಸೂಚಿ ಎದೆಯ ಮಟ್ಟಕ್ಕೆ ಹಿಡಿದು ಹೊರಟ, ಗಾರ್ಡನ್ ಗುದ್ದಲಿ ಹೊತ್ತು ಹಿಂದೆ ಬಂದ. ಮೇಪಲ್ ಎಲೆಗಳು ಅಲ್ಲೊಂದು ಇಲ್ಲೊಂದು ಕೆಂಪಾಗಿದ್ದವು. ನೆಲ ಏರಿತು, ಇಳಿಯಿತು, ಮತ್ತೆ ಏರಿತು, ಪಾದ ಅದಕ್ಕೆ ತಕ್ಕಂತೆ ತಾನೇ ಬಾಗಿತು. ಏರಿನಲ್ಲಿ ಹಲ್ಲು ಕಚ್ಚಬೇಕಾಗಲಿಲ್ಲ, ಇಳಿತದಲ್ಲಿ ಮರ ಹಿಡಿಯಬೇಕಾಗಲಿಲ್ಲ. ಹದಿನೈದು, ಬೆರಳು. ಹದಿನೈದು, ಬೆರಳು. ಇಷ್ಟು ಸುಖವಾಗಿ ಅವನು ಎಣಿಸಿ ಎಷ್ಟೋ ವರ್ಷವಾಗಿತ್ತು. ಮುನ್ನೂರನೆಯ ಎಣಿಕೆಗೆ ನಿಂತು, "ಇಲ್ಲೇ. ಎರಡಡಿ ಆಚೆ ಈಚೆ" ಎಂದ.

ಗಾರ್ಡನ್ ಅಗೆದ. ಎರಡಡಿ ಆಚೆ ಅಗೆದ, ಈಚೆ ಅಗೆದ. ಡೇಲ್ ಕಬ್ಬಿಣದ ಸಲಾಕೆಯಿಂದ ಸುತ್ತ ಚುಚ್ಚಿದ. ಬೇರು ಸಿಕ್ಕಿತು, ಕಲ್ಲು ಸಿಕ್ಕಿತು. ಕೊಳವೆ ಸಿಗಲಿಲ್ಲ. ನಿಂತು ಸುತ್ತ ನೋಡಿದರೆ ಜಾಗವೇ ಬೇರೆ ಅನ್ನಿಸಿತು. ಆ ಕೊಳವೆ ಇದ್ದದ್ದು ದಿಬ್ಬದ ಮೇಲೆ ಎಂದು ಅವನ ನೆನಪು, ಇಲ್ಲಿ ದಿಬ್ಬ ಮುಗಿದು ಜೌಗಿನ ಅಂಚು ಬಂದಿತ್ತು. ವಾಪಸು ಕಲ್ಲಿಗೆ ಹೋಗಿ ಮತ್ತೆ ಎಣಿಸಿಕೊಂಡು ಬಂದ. ಮುನ್ನೂರಕ್ಕೆ ಮತ್ತೆ ಅದೇ ಗುಂಡಿಯ ಪಕ್ಕ ಬಂದು ನಿಂತ.

ಗಾರ್ಡನ್ ಬೆವರು ಒರೆಸಿಕೊಂಡು ನಕ್ಕ. "ಏನೋ ಡೇಲ್, ಕಾಲು ಹೊಸದು ಹಾಕೋವಾಗ ಅವ್ರು ತಲೆಯಿಂದ ಏನಾದ್ರೂ ತೆಕ್ಕೊಂಡ್ರಾ?"

ಅವನಿಗೆ ಅದು ತಮಾಷೆ. ಡೇಲನಿಗೆ ಅಪ್ಪನ ನೆನಪು ಬಂತು. ಅವನ ಅಪ್ಪನೂ ಇದೇ ಕಸುಬಿನವನು. ಅರವತ್ತೆಂಟರಲ್ಲಿ ಅಪ್ಪನಿಗೆ ಮರೆವು ಶುರುವಾದದ್ದು ಹೀಗೆಯೇ. ಹೆಸರು ಮರೆಯಲಿಲ್ಲ, ಮುಖ ಮರೆಯಲಿಲ್ಲ, ಮೊದಲು ತಪ್ಪಿದ್ದು ಹೆಜ್ಜೆಯ ಎಣಿಕೆ. ಮರುವರ್ಷ ಹಿತ್ತಿಲ ಕಾಡಿನಲ್ಲೇ ದಾರಿ ತಪ್ಪಿ ಒಂದು ಹಗಲು ಒಂದು ರಾತ್ರಿ ಕೂತಿದ್ದ. ಡೇಲನಿಗೆ ಈಗ ಅರವತ್ತೇಳು. ಎಣಿಕೆ ಸರಿಯಿದ್ದರೆ ನೆನಪು ತಪ್ಪಿರಬೇಕು, ನೆನಪು ಸರಿಯಿದ್ದರೆ ಎಣಿಕೆ ತಪ್ಪಿರಬೇಕು. ಯಾವುದು ತಪ್ಪಿದ್ದರೂ ಅದು ತಲೆಯೊಳಗಿನದೇ ಅಲ್ಲವೇ?

"ನಾಳೆ ನೋಡೋಣ. ಇವತ್ತು ಕಾಲು ಯಾಕೋ ಸರಿ ಇಲ್ಲ" ಎಂದು ಬಾಯಿಗೆ ಬಂದ ಸುಳ್ಳು ಹೇಳಿದ. ಕಾಲಿಗೆ ಅಂದು ಏನೂ ಆಗಿರಲಿಲ್ಲ, ಪಾಪ, ಸುಮ್ಮನೆ ಬೈಸಿಕೊಂಡಿತು.

ಮನೆಗೆ ಬರುವ ದಾರಿಯಲ್ಲಿ ತನ್ನ ಟ್ರಕ್ಕಿನಲ್ಲಿ ಒಬ್ಬನೇ ಹನ್ನೆರಡರ ಮಗ್ಗಿ ಹೇಳಿಕೊಂಡ. ಪೂರ್ತಿ ಬಂತು. ಮಗಳ ಫೋನ್ ನಂಬರು ಹೇಳಿಕೊಂಡ, ಬಂತು. ಸಮಾಧಾನ ಮಾತ್ರ ಬರಲಿಲ್ಲ. ಅಪ್ಪನಿಗೂ ಕೊನೆಯವರೆಗೆ ಮಗ್ಗಿ ಬರುತ್ತಿತ್ತು, ಮನೆಯ ದಾರಿ ಮಾತ್ರ ಬರುತ್ತಿರಲಿಲ್ಲ.

ಊಟಕ್ಕೆ ಕೂತಾಗ ಅರ್ಲೀನ್ ಕೇಳಿದಳು, "ಸಿಕ್ತಾ?"

"ಇಲ್ಲ."

"ಯಾಕೆ?"

"ಸಿಗ್ಲಿಲ್ಲ ಅಂದ್ರೆ ಸಿಗ್ಲಿಲ್ಲ."

"ಸರಿ ಮಾರಾಯ, ನನ್ಮೇಲೆ ಯಾಕೆ ರೇಗ್ತೀಯ? ಕೊಳವೆ ಬಚ್ಚಿಟ್ಟೋಳು ನಾನಾ?"

ಊಟವಾದ ಮೇಲೆ ಎಂದಿನಂತೆ ಹೊರಟರು. ಮಧ್ಯಾಹ್ನ ಒಂದು ಹದ ಮಳೆ ಬಂದು ಹೋಗಿತ್ತು, ರಸ್ತೆಯ ಮರಳು ಒದ್ದೆಯಾಗಿ ಗಟ್ಟಿಯಾಗಿತ್ತು. ಎಂದಿನ ಹಾಗೆ ಪಕ್ಕಪಕ್ಕ ನಡೆಯುವ ಮನಸ್ಸು ಡೇಲನಿಗೆ ಇರಲಿಲ್ಲ. ಅವಳು ಮುಖ ನೋಡಿದರೆ ಎಲ್ಲ ಗೊತ್ತಾಗಿಬಿಡುತ್ತದೆ ಎಂದು ತಲೆ ತಗ್ಗಿಸಿ, ಯೋಚನೆಯಲ್ಲಿ ಮುಳುಗಿ, ತನ್ನ ಪಾಡಿಗೆ ತಾನು ನಡೆದ. ಸ್ವಲ್ಪ ಹೊತ್ತಿನ ಮೇಲೆ ಹಿಂದೆ ದೂರದಿಂದ ಕೂಗು ಕೇಳಿಸಿತು.

"ಏ ಡೇಲ್! ಬಸ್ಸೇನಾದ್ರೂ ತಪ್ಪಿಹೋಗುತ್ತಾ? ನಿಂತ್ಕೊಳ್ಳೋ!"

ತಿರುಗಿ ನೋಡಿದ. ಅರ್ಲೀನ್ ಬಹಳ ಹಿಂದೆ ಬಿದ್ದಿದ್ದಳು. ಸೊಂಟಕ್ಕೆ ಕೈಕೊಟ್ಟು ಏದುಸಿರು ಬಿಡುತ್ತಿದ್ದಳು. ಅರ್ಲೀನ್ ತನ್ನ ಹಿಂದೆ! ಇಪ್ಪತ್ತೆರಡು ವರ್ಷದಲ್ಲಿ ಹೀಗಾದದ್ದೇ ಇಲ್ಲ. ಯಾವಾಗಲೂ ಒಂದು ಹೆಜ್ಜೆ ಮುಂದಿದ್ದು, ಅವನು ಬಂದನೇ ಎಂದು ತಿರುಗಿ ನೋಡುತ್ತಿದ್ದವಳು ಅವಳು.

ಆಗ ಅವನ ಕಣ್ಣು ನೆಲದ ಮೇಲೆ ಬಿತ್ತು. ಒದ್ದೆ ಮರಳಿನಲ್ಲಿ ಅವನ ಹೆಜ್ಜೆಗಳು ಒಂದರ ಹಿಂದೊಂದು ಸಾಲಾಗಿ ಮೂಡಿದ್ದವು. ಅವನ ಬಲಪಾದದ ಗುರುತು ಅವನಿಗೆ ಚೆನ್ನಾಗಿ ಗೊತ್ತು: ಹೊರಗೆ ತಿರುಗಿರುತ್ತಿತ್ತು, ತುದಿಯಲ್ಲಿ ಎಳೆದ ಗೆರೆ ಇರುತ್ತಿತ್ತು, ಎಡಪಾದದ ಪಕ್ಕಕ್ಕೇ ಬಂದು ಬಿದ್ದಿರುತ್ತಿತ್ತು. ಇಲ್ಲಿ ಅಂಥದ್ದೇನೂ ಇಲ್ಲ. ಬಲಗಾಲು ಎಡಗಾಲನ್ನು ದಾಟಿ, ನೇರವಾಗಿ, ಎಡಗಾಲಿನಷ್ಟೇ ದೂರ ಹೋಗಿ ಬಿದ್ದಿತ್ತು. ಹಿಮ್ಮಡಿ ಆಳವಾಗಿ ಊರಿತ್ತು, ಹೆಬ್ಬೆರಳು ಮರಳನ್ನು ಹಿಂದಕ್ಕೆ ತಳ್ಳಿತ್ತು.

"ಅರ್ಲೀನ್, ನೀನು ಅಲ್ಲೇ ಇರು!" ಎಂದು ಕೂಗಿ ಮನೆಯ ಕಡೆ ಸರಸರ ನಡೆದ. ಓಡುತ್ತಿದ್ದನೇನೋ, ಡಾಕ್ಟರಮ್ಮನ ನೆನಪಾಗಿ ತಡೆದುಕೊಂಡ. ಟ್ರಕ್ಕಿನಿಂದ ಟೇಪು ತಂದು, ಒಂದು ತುದಿಯನ್ನು ಹೆಂಡತಿಯ ಕೈಗೆ ಕೊಟ್ಟು ಅರವತ್ತಾರು ಅಡಿ ಹಾಸಿದ. ನಡೆದ, ಎಣಿಸಿದ. ಹದಿಮೂರೂವರೆ. ತಿರುಗಿ ನಡೆದ. ಹದಿಮೂರೂವರೆ. ಮೂರನೆಯ ಸಲವೂ ಅಷ್ಟೇ.

ರಸ್ತೆಯ ಮಧ್ಯದಲ್ಲಿ ನಿಂತು ಅವನು ಗಟ್ಟಿಯಾಗಿ ನಗತೊಡಗಿದ. ಕಣ್ಣಲ್ಲಿ ನೀರು ಬಂತು. ಹದಿನೈದರ ಲೆಕ್ಕದಲ್ಲಿ ಇಪ್ಪತ್ತು ಸರಪಳಿ ನಡೆದು, ಕೊಳವೆಯನ್ನು ದಾಟಿ ನೂರ ನಲವತ್ತೇಳು ಅಡಿ ಮುಂದೆ ಹೋಗಿ ಗಾರ್ಡನ್ ಕೈಲಿ ಗುಂಡಿ ತೋಡಿಸಿದ್ದ!

"ಏನಾಯ್ತೋ ನಿಂಗೆ? ಅಳ್ತಿದ್ದೀಯಾ, ನಗ್ತಿದ್ದೀಯಾ?"

"ತಲೆ ಕೆಟ್ಟಿಲ್ಲ ಕಣೇ" ಎಂದ ಡೇಲ್. "ಅಪ್ಪನ ಥರ ನಂಗೂ ಶುರುವಾಯ್ತು ಅಂತ ಬೆಳಿಗ್ಗೆಯಿಂದ ಜೀವ ಹೋಗಿತ್ತು. ತಲೆ ಸರಿಯಾಗೇ ಇದೆ. ಕಾಲೇ ಸರಿಹೋಗ್ಬಿಟ್ಟಿದೆ!"

ಅರ್ಲೀನಳಿಗೆ ಆಗ ಎಲ್ಲ ಅರ್ಥವಾಯಿತು. ಟೇಪು ಬಿಸಾಡಿ ಬಂದು ಅವನ ಭುಜಕ್ಕೆ ಎರಡೇಟು ಕೊಟ್ಟಳು. "ಬೆಳಿಗ್ಗೆಯಿಂದ ಇದನ್ನ ಹೊಟ್ಟೇಲಿಟ್ಕೊಂಡು ಕೂತಿದ್ಯಾ? ಹೇಳೋಕಾಗ್ಲಿಲ್ವಾ ನಂಗೆ?"

ಮರುದಿನ ಶನಿವಾರ ಬೆಳಿಗ್ಗೆ ನಾಲ್ವರೂ ಹೋದರು. ಬರ್ನೀಸ್ ಈ ಸಲ ಟ್ರಕ್ಕಿನಲ್ಲಿ ಕೂರಲು ಒಪ್ಪಲಿಲ್ಲ, ಅರ್ಲೀನಳ ತೋಳು ಹಿಡಿದು ನಿಧಾನವಾಗಿ ಹಿಂದೆ ಬಂದಳು. ನಿನ್ನೆಯ ಗುಂಡಿಯಿಂದ ಮೂವತ್ತು ಎಣಿಕೆ ಹಿಂದಕ್ಕೆ ಬಂದರೆ ಆಯಿತಲ್ಲ ಎಂದ ಗಾರ್ಡನ್. ಡೇಲ್ ಒಪ್ಪಲಿಲ್ಲ. ತಪ್ಪಿನಿಂದ ಅಳೆಯುವ ಅಭ್ಯಾಸ ತನಗಿಲ್ಲ ಎಂದು ಕಲ್ಲಿನಿಂದಲೇ ಶುರುಮಾಡಿದ. ಇನ್ನೂರ ಎಪ್ಪತ್ತಕ್ಕೆ ನಿಂತ. ದಿಬ್ಬದ ಮೇಲಿದ್ದ. ನೆನಪೂ ಎಣಿಕೆಯೂ ಒಂದೇ ಜಾಗಕ್ಕೆ ಬಂದು ನಿಂತಿದ್ದವು.

ಸಲಾಕೆಯ ನಾಲ್ಕನೆಯ ಚುಚ್ಚಿಗೆ ಠಣ್ ಎಂದಿತು. ಗಾರ್ಡನ್ ಮಂಡಿಯೂರಿ ಪಾಚಿ ಕಿತ್ತ. ತುಕ್ಕು ಹಿಡಿದ ಕೊಳವೆಯ ಬಾಯಿ ಕಾಣಿಸಿತು.

"ಅಯ್ಯೋ ದೇವ್ರೇ! ನಿನ್ನೆ ನನ್ ಸೊಂಟ ಮುರಿದಿದ್ದಕ್ಕೆ ಯಾರು ಹೊಣೆ?" ಎಂದ ಗಾರ್ಡನ್.

"ನೀನೂ ಹೊಸದು ಹಾಕಿಸ್ಕೋ" ಎಂದ ಡೇಲ್.

ಕಲ್ಲಿನಿಂದ ಕೊಳವೆಗೆ ಗಡಿಯ ಗೆರೆ ಎಳೆದು ನೋಡಿದರೆ ಬರ್ನೀಸಳ ತೀರಿಹೋದ ಗಂಡ ಜಿಂಕೆ ಬೇಟೆಗೆಂದು ಕಟ್ಟಿದ್ದ ಮರದ ಅಟ್ಟ ಹನ್ನೊಂದು ಅಡಿ ಗಾರ್ಡನ್‌ನ ಕಾಡಿನೊಳಗೆ ಇತ್ತು. ಬರ್ನೀಸಳ ಮುಖ ಸಣ್ಣಗಾಯಿತು. ಗಾರ್ಡನ್ ಅಟ್ಟವನ್ನು ನೋಡಿದ, ಅವಳನ್ನು ನೋಡಿದ. "ಇರ್ಲಿ ಬಿಡಿ ಬರ್ನೀಸ್. ಅವ್ರು ಅಲ್ಲಿ ಕೂತು ಬರೀ ನಿದ್ದೆ ಮಾಡ್ತಿದ್ದಿದ್ದು. ನನ್ ಜಿಂಕೆಗೇನೂ ತೊಂದ್ರೆ ಆಗಿಲ್ಲ" ಎಂದ. ಬರ್ನೀಸ್ ಜೋರಾಗಿ ನಕ್ಕಳು. ಬಾಯಿ ಕೆಟ್ಟದಾದರೂ ಮನುಷ್ಯ ಒಳ್ಳೆಯವನು.

ಸಂಜೆ ರಸ್ತೆಯಲ್ಲಿ ನಡೆಯುವಾಗ ಡೇಲ್ ಭಾರಿ ಖುಷಿಯಲ್ಲಿದ್ದ. ಖುಷಿಯಾದಾಗ ಅವನಿಗೆ ಎಲ್ಲವನ್ನೂ ಅಳೆಯುವ ಹುಚ್ಚು. ನಿನ್ನೆ ಟೇಪು ಹಾಸಿದ್ದ ಜಾಗದ ಎರಡು ತುದಿಗೂ ಗೂಟ ಹೊಡೆದಿದ್ದ. "ನೀನೊಂದ್ಸಲ ನಡಿಯೇ, ನಿಂದೆಷ್ಟು ನೋಡೋಣ" ಎಂದ.

"ನನ್ನ ಅಳೆದು ಏನ್ಮಾಡ್ತೀಯ? ನಾನೇನು ಮರ ಎಣಿಸೋಕ್ ಹೋಗ್ಬೇಕಾ?" ಎಂದು ಗೊಣಗುತ್ತಲೇ ಅರ್ಲೀನ್ ನಡೆದಳು. ಅವನು ಎಣಿಸಿದ. ಹದಿನೈದು.

"ಇನ್ನೊಂದ್ಸಲ. ನಿನ್ ಪಾಡಿಗೆ ನೀನು ನಡಿ."

ಮತ್ತೆ ನಡೆದಳು. ಹದಿನೈದು. ಅರ್ಧ ಹೆಜ್ಜೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಡೇಲ್ ಅವಳ ಕಾಲನ್ನೇ ನೋಡಿದ. ಮದುವೆಯಾದ ವರ್ಷ ಅರ್ಲೀನ್ ಅವನ ಜೊತೆ ಕಾಡಿಗೆ ಬಂದು ಕೆಲಸ ಕಲಿತಿದ್ದಳು. ಆಗ ಅವಳ ಎಣಿಕೆ ಹದಿಮೂರು. ಗಂಡಸರನ್ನು ಹಿಂದೆ ಹಾಕಿ ನಡೆಯುತ್ತಿದ್ದಳು. ಅವಳ ಕಾಲಿಗೆ ಎಂದೂ ಒಂದು ಪೆಟ್ಟೂ ಬಿದ್ದಿರಲಿಲ್ಲ. ಅವಳ ವಯಸ್ಸಿಗೆ ಹೆಜ್ಜೆ ಸ್ವಲ್ಪ ಕುಗ್ಗಿದ್ದರೂ ಹದಿನಾಲ್ಕಾಗಬೇಕು. ಹದಿನೈದು ಅವಳದಲ್ಲ. ಅದು ಯಾರದು ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಅರ್ಲೀನ್, ನಿನ್ ಕಾಲಿಗೇನಾಗಿದೆ?"

"ನನ್ ಕಾಲಿಗೇನಾಗುತ್ತೆ? ನಿನ್ ಜೊತೆ ನಡೀತು, ಅಷ್ಟೇ."

ಅವಳು ಅದನ್ನು ದೊಡ್ಡ ಮಾತೆಂದು ಹೇಳಲಿಲ್ಲ. ಅಂಗಿಗೆ ಅಂಟಿದ ಹುಲ್ಲಿನ ಬೀಜ ಕೀಳುತ್ತ ಹೇಳಿದಳು. ಅವನ ನೋವಿಗೆ ಮಾತ್ರೆ ಇತ್ತು, ವೈದ್ಯರಿದ್ದರು, ಹೇಗಿದ್ದೀಯ ಎಂದು ಕೇಳಲು ಊರೇ ಇತ್ತು. ಇವಳ ಹೆಜ್ಜೆ ಕುಗ್ಗಿದ್ದನ್ನು ಯಾರೂ ಕೇಳಿರಲಿಲ್ಲ, ಹೆಜ್ಜೆ ಅಳೆಯುವುದೇ ಕಸುಬಾಗಿದ್ದ ಗಂಡನೂ ಕೇಳಿರಲಿಲ್ಲ.

"ಈ ಬೇಸಿಗೆ ಪೂರ್ತಿ ನೀನು ನಂಗೋಸ್ಕರ ನಿಧಾನ ನಡೀತಾ ಇದ್ಯಾ?" ಎಂದು ಕೇಳಿದ.

"ಇನ್ನೇನು? ಹೊಸ ಕಾಲು, ಸುಸ್ತಾಗುತ್ತೇನೋ ಅಂತ."

"ನಾನು ನಿಂಗೋಸ್ಕರ ನಿಧಾನ ನಡೀತಿದ್ದೆ ಕಣೇ. ವಯಸ್ಸಾಯ್ತು ಪಾಪ, ಬಿಟ್ಟು ಹೋಗ್ಬಾರ್ದು ಅಂತ."

ಅರ್ಲೀನ್ ಬಾಯಿಬಿಟ್ಟು ನೋಡಿದಳು. "ಯಾರಿಗೋ ವಯಸ್ಸಾಗಿದ್ದು?"

"ಹಾಗಾದ್ರೆ ನಡಿ ಮುಂದೆ. ನಿಂಗೆಷ್ಟು ಬೇಗ ಬೇಕೋ ಅಷ್ಟು ಬೇಗ ನಡಿ. ತಿರುಗಿ ನೋಡ್ಬೇಡ, ನಿಲ್ಬೇಡ. ನಾನು ಬರ್ತೀನಿ."

ಅವಳು ಅವನನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಸ್ವೆಟರಿನ ತೋಳು ಮೇಲಕ್ಕೆ ಸರಿಸಿ ಹೊರಟಳು. ಮೊದಲ ಗೂಟದಿಂದ ಹತ್ತು ಹೆಜ್ಜೆ ಎಂದಿನಂತೆಯೇ ಹೋಯಿತು. ಅಭ್ಯಾಸಬಲದಿಂದ ಒಮ್ಮೆ ತಿರುಗಲು ಹೋಗಿ ತಡೆದುಕೊಂಡಳು. ಆಮೇಲೆ ಹೆಜ್ಜೆ ಒಂದೊಂದೇ ಬಿಚ್ಚಿಕೊಂಡಿತು. ಎರಡನೆಯ ಗೂಟ ದಾಟುವಾಗ ಡೇಲನ ಎಣಿಕೆ ಹದಿನಾಲ್ಕಕ್ಕೆ ನಿಂತಿತ್ತು, ಅವಳು ನಿಂತಿರಲಿಲ್ಲ. ಅಂಚೆಪೆಟ್ಟಿಗೆ ಕಳೆದು, ತಿರುವು ಕಳೆದು ಕಣ್ಣಿಗೆ ಮರೆಯಾಗುವ ಹಾಗಿದ್ದಳು. ಡೇಲ್ ಹಿಮ್ಮಡಿ ಊರಿ, ಹೆಬ್ಬೆರಳಿನಿಂದ ನೆಲವನ್ನು ತಳ್ಳಿ, ಹೆಂಡತಿಯ ಹಿಂದೆ ಬೇಗಬೇಗ ನಡೆದ. ಅವಳನ್ನು ಹಿಡಿಯುವುದು ಅವನಿಗೆ ಅಷ್ಟು ಸುಲಭವಾಗಲಿಲ್ಲ, ಅದರಿಂದ ಅವನಿಗೆ ಬಹಳ ಸಂತೋಷವಾಯಿತು.